ಬೆಳಕಿನಾಚೆಯ ಕಣಕ್ಕೆ ಬರೆದ ವ್ಯಾಖ್ಯೆ

ಬೆಂಗಳೂರಿನ ಮರ್ಫಿ ಟೌನಿನಲ್ಲಿ ತರಕಾರಿ ತರಲು ಹೋದರೆ ಎರಡು ಬಗೆಯ ತಕ್ಕಡಿ ಕಣ್ಣಿಗೆ ಬೀಳುತ್ತವೆ. ತಳ್ಳುಗಾಡಿಯಲ್ಲಿ ಎರಡು ತಟ್ಟೆಯ ಹಳೇ ತಕ್ಕಡಿ, ಅಂಗಡಿಯ ಗಲ್ಲಾ ಪಕ್ಕದಲ್ಲಿ ಕೆಂಪು ಅಂಕಿ ಹೊಳೆಯುವ ಎಲೆಕ್ಟ್ರಾನಿಕ್ ತಕ್ಕಡಿ. ಒಂದರಲ್ಲಿ ಒಂದು ಕಿಲೋ ತೂಗಿದ ಈರುಳ್ಳಿ ಇನ್ನೊಂದರಲ್ಲೂ ಒಂದು ಕಿಲೋ ತೂಗುತ್ತದೆ. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ನಾವು ನಂಬಿಬಿಡುತ್ತೇವೆ. ಭೌತವಿಜ್ಞಾನಿಗಳು ಮಾತ್ರ ನಂಬುವುದಿಲ್ಲ. ಯಾಕೆಂದು ನೋಡೋಣ ಬನ್ನಿ.

ತಟ್ಟೆಯ ತಕ್ಕಡಿಯನ್ನು ಹತ್ತಿರದಿಂದ ಗಮನಿಸಿ. ಒಂದು ತಟ್ಟೆಯಲ್ಲಿ ಕಬ್ಬಿಣದ ತೂಕದ ಬಟ್ಟು, ಇನ್ನೊಂದರಲ್ಲಿ ಈರುಳ್ಳಿ. ಭೂಮಿ ಎರಡನ್ನೂ ಕೆಳಕ್ಕೆ ಎಳೆಯುತ್ತಿದೆ. ಮುಳ್ಳು ನಟ್ಟನಡುವೆ ನಿಂತಿತೆಂದರೆ ಬಟ್ಟಿನಲ್ಲಿ ಎಷ್ಟು ವಸ್ತುವಿದೆಯೋ ಈರುಳ್ಳಿಯಲ್ಲೂ ಅಷ್ಟೇ ಇದೆ ಎಂದರ್ಥ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹೋಲಿಸಿ ನೋಡಲು ಬಟ್ಟೇ ಇಲ್ಲ. ಅದರ ತಟ್ಟೆಯ ಕೆಳಗೆ ಲೋಹದ ಒಂದು ಪಟ್ಟಿ ಇರುತ್ತದೆ. ಈರುಳ್ಳಿ ಹಾಕಿದೊಡನೆ ಆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಪಟ್ಟಿಗೆ ಅಂಟಿಸಿರುವ ತೆಳುವಾದ ಲೋಹದ ಎಳೆ ಹಿಗ್ಗುತ್ತದೆ, ಅದರಲ್ಲಿ ವಿದ್ಯುತ್ ಹರಿಯುವುದಕ್ಕೆ ಇರುವ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಕೆಂಪು ಅಂಕಿಯಾಗಿ ಮೂಡುತ್ತದೆ. ಅಂದರೆ ಈ ಯಂತ್ರಕ್ಕೆ ಗೊತ್ತಾಗುವುದು ಭೂಮಿ ಈರುಳ್ಳಿಯನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಎಂಬುದು.

ಈಗ ಎರಡನ್ನೂ ಚಂದ್ರನ ಮೇಲಕ್ಕೆ ಒಯ್ಯಿರಿ. ಅಲ್ಲಿ ಎಳೆತ ಇಲ್ಲಿಯದರ ಆರನೆಯ ಒಂದು ಪಾಲು. ಬಟ್ಟಿನ ಮೇಲೂ ಈರುಳ್ಳಿಯ ಮೇಲೂ ಎಳೆತ ಒಂದೇ ಪ್ರಮಾಣದಲ್ಲಿ ಇಳಿದಿರುವುದರಿಂದ ತಟ್ಟೆಯ ತಕ್ಕಡಿ ಅಲ್ಲೂ ಒಂದು ಕಿಲೋ ಎಂದೇ ತೋರಿಸುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಸುಮಾರು 165 ಗ್ರಾಂ ತೋರಿಸುತ್ತದೆ. ಎರಡೂ ಸರಿಯಾಗಿಯೇ ಹೇಳುತ್ತಿವೆ. ಮೊದಲನೆಯದು ದ್ರವ್ಯರಾಶಿಯನ್ನು ಹೇಳಿತು, ಎರಡನೆಯದು ತೂಕವನ್ನು ಹೇಳಿತು. ಮನೆಯಲ್ಲಿ ಎರಡಕ್ಕೂ ಸೇರಿ ‘ತೂಕ’ ಎಂಬ ಒಂದೇ ಮಾತು ಸಾಕಾಗುತ್ತದೆ. ಭೌತವಿಜ್ಞಾನದಲ್ಲಿ ಸಾಕಾಗುವುದಿಲ್ಲ.

ಒಂದು ಪದದ ಅರ್ಥವನ್ನು ಭೌತವಿಜ್ಞಾನ ಕೇಳುವ ರೀತಿಯೇ ಬೇರೆ. ಅದನ್ನು ಅಳೆಯುವುದು ಹೇಗೆ ಎಂದು ಕೇಳುತ್ತದೆ. ಅಳೆಯುವ ದಾರಿ ಹೇಳಿದರೆ ಅದು ವ್ಯಾಖ್ಯೆ. ಬರೀ ಬೇರೊಂದು ಪದ ಹೇಳಿದರೆ ಅದು ಪರ್ಯಾಯ ಪದ, ಅಷ್ಟೆ. ‘ಅವನಿಗೆ ಬಲ ಇದೆ’, ‘ಅವನಿಗೆ ಶಕ್ತಿ ಇದೆ’, ‘ಅವನಿಗೆ ಸಾಮರ್ಥ್ಯ ಇದೆ’ ಎಂದು ಮಾತಿಗೆ ಹೇಳುವಾಗ ಮೂರೂ ಒಂದೇ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಮೂರೂ ಬೇರೆ ಬೇರೆ. ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ, ಶಕ್ತಿಯನ್ನು ಜೌಲ್‌ನಲ್ಲಿ, ಸಾಮರ್ಥ್ಯವನ್ನು ವಾಟ್‌ನಲ್ಲಿ. ಹೊಸ ಸಿದ್ಧಾಂತ ಕಟ್ಟಿದ್ದೇನೆ ಎಂದು ಹೊರಟವರು ಬಹಳ ಮಂದಿ ಎಡವುವುದು ಇಲ್ಲಿಯೇ. ‘ಶಕ್ತಿ’ ಎಂಬ ಪದವನ್ನು ಮೊದಲ ಪುಟದಲ್ಲಿ ಒಂದು ಅರ್ಥದಲ್ಲಿ, ಹತ್ತನೇ ಪುಟದಲ್ಲಿ ಇನ್ನೊಂದು ಅರ್ಥದಲ್ಲಿ ಬಳಸಿಬಿಡುತ್ತಾರೆ. ಅಂಥ ಸಿದ್ಧಾಂತ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದಕ್ಕೂ ಆಗುವುದಿಲ್ಲ, ಯಾಕೆಂದರೆ ಅದು ಏನು ಹೇಳುತ್ತಿದೆ ಎಂಬುದೇ ಗೊತ್ತಾಗಿರುವುದಿಲ್ಲ.

ಪಕ್ಕದ ಬೀದಿಯ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: “ಆಂಟಿ, ಎಲ್ಲಕ್ಕಿಂತ ಬೇಗ ಹೋಗೋದು ಬೆಳಕು ಅಂತ ಮಿಸ್ ಹೇಳಿದ್ರು. ಅದಕ್ಕಿಂತ ಬೇಗ ಹೋಗೋದು ಏನಾದ್ರೂ ಇದ್ರೆ?”

“ಇದ್ರೆ ಅದು ಹೇಗಿರತ್ತೆ, ಸಿಕ್ಕಾಗ ಅದೇ ಅಂತ ಗುರುತು ಹಿಡಿಯೋದು ಹೇಗೆ, ಅದನ್ನ ಮೊದಲು ಹೇಳು ಪುಟ್ಟಿ,” ಎಂದೆ. ಅವಳಿಗೆ ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದವರು ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್. ಅದೇ ಪ್ರಶ್ನೆಯನ್ನು ಹಿಡಿದು, ಅದಕ್ಕೆ ಬೇಕಾದ ಪದಗಳನ್ನು ಒಂದೊಂದಾಗಿ ಕಟ್ಟಿದವರು ಅವರು.

ಸುದರ್ಶನ್ ಹುಟ್ಟಿದ್ದು 1931ರಲ್ಲಿ, ಕೇರಳದ ಕೊಟ್ಟಾಯಂ ಬಳಿಯ ಪಳ್ಳಂ ಎಂಬ ಊರಿನಲ್ಲಿ. ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿದ ಮೇಲೆ, 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್. ನಮ್ಮ ಊರಿನ ಹಿರಿಯರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವುದು ಆ ಸಂಸ್ಥೆಯನ್ನೇ. ಮರ್ಫಿ ಟೌನಿನಿಂದ ಅಲ್ಲಿಗೆ ಒಂದು ಬಸ್ ಪ್ರಯಾಣದಷ್ಟು ದೂರ. ಬೆಳಕಿಗಿಂತ ವೇಗದ ಕಣಗಳ ಬಗ್ಗೆ ಸುದರ್ಶನ್ ಬರೆದದ್ದು ಅದಕ್ಕೂ ಮೊದಲು, 1962ರಲ್ಲಿ. ಬಿಲಾನಿಯುಕ್ ಮತ್ತು ದೇಶಪಾಂಡೆ ಎಂಬಿಬ್ಬರ ಜೊತೆ ಸೇರಿ ‘ಮೆಟಾ ರಿಲೇಟಿವಿಟಿ’ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಅವರು ಅಳಿಸಿಹಾಕಲಿಲ್ಲ. ಅದರ ಸಮೀಕರಣಗಳನ್ನು ಹಾಗೆಯೇ ಇಟ್ಟುಕೊಂಡು, ಹೆಚ್ಚು ಮಂದಿ ಕಾಲಿಡದ ಕಡೆಗೆ ಅವುಗಳನ್ನು ಬೆಳೆಸಿದರು.

ಇಲ್ಲಿ ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ‘ಬೆಳಕಿನ ವೇಗ’ ಎಂಬ ಮಾತನ್ನೇ. ನಿಮ್ಮ ಪಠ್ಯಪುಸ್ತಕದಲ್ಲಿ ದಿಕ್ಕನ್ನೂ ಸೇರಿಸಿ ಹೇಳಿದರೆ ವೇಗ, ದಿಕ್ಕಿನ ಗೊಡವೆ ಇಲ್ಲದಿದ್ದರೆ ಜವ ಎಂದಿದೆ. ಆ ಲೆಕ್ಕಕ್ಕೆ ನಾನು ಬೆಳಕಿನ ಜವ ಎನ್ನಬೇಕು. ಆದರೆ ಎಲ್ಲರ ಬಾಯಲ್ಲೂ ಇರುವುದು ಬೆಳಕಿನ ವೇಗ ಎಂಬ ಮಾತಾದ್ದರಿಂದ ಅದನ್ನೇ ಇಟ್ಟುಕೊಳ್ಳುತ್ತೇನೆ. ಈ ವೇಗ ಸೆಕೆಂಡಿಗೆ 29,97,92,458 ಮೀಟರ್. ಇದರಲ್ಲಿ ಒಂದು ಮೀಟರು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಯಾಕೆಂದರೆ 1983ರಿಂದ ಮೀಟರನ್ನೇ ಬೆಳಕಿನ ಲೆಕ್ಕದಲ್ಲಿ ವ್ಯಾಖ್ಯಾನಿಸಲಾಗಿದೆ: ಒಂದು ಸೆಕೆಂಡನ್ನು 29,97,92,458 ಪಾಲು ಮಾಡಿ, ಅದರ ಒಂದು ಪಾಲು ಹೊತ್ತಿನಲ್ಲಿ ಬೆಳಕು ಸಾಗುವಷ್ಟು ದೂರವೇ ಒಂದು ಮೀಟರ್.

ಇದೆಲ್ಲ ನಿರ್ವಾತದಲ್ಲಿ, ಅಂದರೆ ಗಾಳಿ ನೀರು ಏನೂ ಇಲ್ಲದ ಜಾಗದಲ್ಲಿ. ನೀರೊಳಗೆ ಬೆಳಕು ನಿಧಾನವಾಗುತ್ತದೆ, ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರಿಗೆ ಇಳಿಯುತ್ತದೆ. ಅಲ್ಲಿ ಎಲೆಕ್ಟ್ರಾನುಗಳು ಬೆಳಕನ್ನು ಹಿಂದೆ ಹಾಕಬಲ್ಲವು! ಹಾಗೆ ಹಿಂದೆ ಹಾಕುವಾಗ ನೀಲಿ ಬಣ್ಣದ ಬೆಳಕೊಂದು ಹೊಮ್ಮುತ್ತದೆ. ಅದಕ್ಕೆ ಚೆರೆಂಕೋವ್ ವಿಕಿರಣ ಎಂದು ಹೆಸರು. 1956ರಲ್ಲಿ ಮುಂಬೈಯ ಟ್ರಾಂಬೆಯಲ್ಲಿ ಶುರುವಾದ ‘ಅಪ್ಸರಾ’ ನೀರಿನ ಕೊಳದೊಳಗಿನ ಪರಮಾಣು ರಿಯಾಕ್ಟರ್ ಆಗಿತ್ತು. ಅಂಥ ಕೊಳಗಳ ಆಳದಲ್ಲಿ ಈ ನೀಲಿ ಹೊಳಪು ಬರಿಗಣ್ಣಿಗೆ ಕಾಣುತ್ತದೆ. ಬೆಳಕನ್ನು ಯಾರೂ ಹಿಂದೆ ಹಾಕಲಾರರು ಎನ್ನುವಾಗ ‘ನಿರ್ವಾತದಲ್ಲಿ’ ಎಂಬ ಒಂದು ಪದ ಬಿಟ್ಟುಹೋದರೂ ಮಾತು ಸುಳ್ಳಾಗುತ್ತದೆ.

ಎರಡನೆಯ ಪದ ‘ನಿಶ್ಚಲ’. ಅಲುಗದೆ ಇರುವುದು ನಿಶ್ಚಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಯಾರು ನೋಡಿದಾಗ? ಹಲಸೂರಿನಿಂದ ಇಂದಿರಾನಗರದ ಕಡೆಗೆ ಹೋಗುವ ಮೆಟ್ರೋದಲ್ಲಿ ಕೂತಿದ್ದೀರಿ, ಸ್ಕೂಲ್ ಬ್ಯಾಗ್ ತೊಡೆಯ ಮೇಲಿದೆ. ನಿಮಗೆ ಬ್ಯಾಗು ನಿಶ್ಚಲ. ಕೆಳಗೆ ರಸ್ತೆಯಲ್ಲಿ ನಿಂತು ನೋಡುವ ನಿಮ್ಮ ಅಜ್ಜನಿಗೆ ಬ್ಯಾಗು ಓಡುತ್ತಿದೆ. ಇಬ್ಬರೂ ಹೇಳುವುದು ನಿಜ. ಆದ್ದರಿಂದ ಒಂದು ವಸ್ತು ನಿಶ್ಚಲ ಎನ್ನುವಾಗ ಯಾರಿಗೆ ನಿಶ್ಚಲ ಎಂಬುದನ್ನೂ ಸೇರಿಸಲೇಬೇಕು. ಬ್ಯಾಗು, ಕಲ್ಲು, ಎಲೆಕ್ಟ್ರಾನು ಇವುಗಳ ಜೊತೆಗೆ ಸರಿಸಮನಾಗಿ ಸಾಗುವ ನೋಡುಗ ಇರಬಲ್ಲ, ಅವನಿಗೆ ಅವು ನಿಂತಂತೆ ಕಾಣಬಲ್ಲವು. ಹಾಗೆ ನಿಂತಂತೆ ಕಾಣುವಾಗ ಅಳೆದ ದ್ರವ್ಯರಾಶಿಗೆ ನಿಶ್ಚಲ ದ್ರವ್ಯರಾಶಿ ಎಂದು ಹೆಸರು. ಬೆಳಕಿನ ಜೊತೆಗೆ ಸರಿಸಮನಾಗಿ ಸಾಗುವ ನೋಡುಗ ಇರಲಾರ. ಬೆಳಕು ಯಾರಿಗೂ, ಎಂದಿಗೂ, ನಿಂತು ಕಾಣುವುದಿಲ್ಲ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ. ಸಾಗುತ್ತಿರುವ ಕಣದ ಶಕ್ತಿಯನ್ನು ಕಂಡುಹಿಡಿಯಲು ಐನ್‌ಸ್ಟೈನರ ಸಿದ್ಧಾಂತ ಒಂದು ಭಿನ್ನರಾಶಿಯನ್ನು ಕೊಡುತ್ತದೆ. ಮೇಲೆ, ಅಂಶದಲ್ಲಿ, ಕಣದ ನಿಶ್ಚಲ ದ್ರವ್ಯರಾಶಿ ಮತ್ತು ಬೆಳಕಿನ ವೇಗದ ವರ್ಗದ ಗುಣಲಬ್ಧ. ಕೆಳಗೆ, ಛೇದದಲ್ಲಿ, ಒಂದು ವರ್ಗಮೂಲ. ಆ ವರ್ಗಮೂಲ ತೆಗೆಯುವುದು ಹೀಗೆ: ಕಣದ ವೇಗ ಬೆಳಕಿನ ವೇಗದ ಎಷ್ಟು ಪಟ್ಟು ಎಂದು ಬರೆದು, ಅದರ ವರ್ಗ ಮಾಡಿ, 1ರಿಂದ ಕಳೆಯಿರಿ, ಉಳಿದದ್ದರ ವರ್ಗಮೂಲ ತೆಗೆಯಿರಿ. ಕಣದ ವೇಗ ಬೆಳಕಿನ 0.6 ಪಟ್ಟು ಇದ್ದರೆ 1ರಿಂದ 0.36 ಕಳೆದು 0.64, ಅದರ ವರ್ಗಮೂಲ 0.8. ವೇಗ ಹೆಚ್ಚಿದಂತೆಲ್ಲ ಈ ಛೇದ ಸಣ್ಣದಾಗುತ್ತದೆ, ಶಕ್ತಿ ದೊಡ್ಡದಾಗುತ್ತದೆ. ಬೆಳಕಿನ ವೇಗವನ್ನೇ ಮುಟ್ಟಿದರೆ ಛೇದ ಸೊನ್ನೆ, ಬೇಕಾಗುವ ಶಕ್ತಿ ಅನಂತ. ಅಷ್ಟು ಶಕ್ತಿ ಕೊಡುವವರು ಯಾರೂ ಇಲ್ಲ. ಜಿನೀವಾ ಬಳಿ ನೆಲದಡಿಯಲ್ಲಿರುವ, ಕಣಗಳ ಸಂಶೋಧನಾ ಕೇಂದ್ರವಾದ ಸರ್ನ್‌ನ ದೊಡ್ಡ ಉಂಗುರ ಯಂತ್ರದಲ್ಲಿ ಪ್ರೋಟಾನುಗಳು ಬೆಳಕಿಗಿಂತ ಸೆಕೆಂಡಿಗೆ ಮೂರು ಮೀಟರಿನಷ್ಟು ಮಾತ್ರ ಹಿಂದೆ ಬೀಳುತ್ತವೆ. ಆ ಮೂರು ಮೀಟರನ್ನು ತುಂಬುವುದಕ್ಕೆ ಪ್ರಪಂಚದ ವಿದ್ಯುತ್ತನ್ನೆಲ್ಲ ತಂದು ಸುರಿದರೂ ಆಗುವುದಿಲ್ಲ.

ಇದನ್ನು ನೋಡಿದ ಭೌತವಿಜ್ಞಾನಿಗಳು, ಹಾಗಾದರೆ ಬೆಳಕಿನಾಚೆ ಏನೂ ಇಲ್ಲ ಎಂದು ಕೈಬಿಟ್ಟಿದ್ದರು. ಸುದರ್ಶನ್ ಒಂದು ಉಪಮೆಯಿಂದ ಉತ್ತರ ಕೊಟ್ಟರು. ಹಿಮಾಲಯವನ್ನು ಹತ್ತಿ ಇಳಿಯಲು ಭಾರತದ ಯಾರಿಂದಲೂ ಆಗುವುದಿಲ್ಲ ಎಂದಿಟ್ಟುಕೊಳ್ಳಿ. ಅಷ್ಟರಿಂದಲೇ ಹಿಮಾಲಯದ ಆಚೆ ಜನರೇ ಇಲ್ಲ ಎಂದು ಯಾರಾದರೂ ಹೇಳಿದರೆ ಸರಿಯೇ? ಆಚೆಯ ಜನ ಆಚೆಯೇ ಹುಟ್ಟಿ ಆಚೆಯೇ ಬಾಳುತ್ತಾರೆ, ಅವರು ಬೆಟ್ಟ ದಾಟಬೇಕಾದ ಅಗತ್ಯವೇ ಇಲ್ಲ. ಹಾಗೆಯೇ ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣಗಳು ಇದ್ದರೆ, ಅವು ಬೆಳಕಿನ ವೇಗವನ್ನು ದಾಟಿ ಹೋಗಬೇಕಾಗಿಲ್ಲ. ಗೋಡೆಯನ್ನು ದಾಟಲಾಗದು ಎನ್ನುವುದು ಒಂದು ಮಾತು, ಗೋಡೆಯಾಚೆ ಏನೂ ಇಲ್ಲ ಎನ್ನುವುದು ಇನ್ನೊಂದು ಮಾತು. ನನಗಂತೂ ಇದು ಭೌತವಿಜ್ಞಾನದಲ್ಲಿ ಓದಿದ ಅತಿ ಚೆಂದದ ವಾದಗಳಲ್ಲಿ ಒಂದು.

ಚೆಂದವಿದ್ದರೆ ಸಾಲದು, ಲೆಕ್ಕವೂ ಕೂಡಿಬರಬೇಕು. ನಮ್ಮ ಪೆನ್ಸಿಲ್ಲಿಗೆ ಮರಳೋಣ. ಕಣದ ವೇಗ ಬೆಳಕಿನ 1.25 ಪಟ್ಟು ಇರಲಿ. ವರ್ಗ ಮಾಡಿದರೆ 1.5625. 1ರಿಂದ ಕಳೆದರೆ ಋಣ 0.5625. ಋಣ ಸಂಖ್ಯೆಗೆ ವರ್ಗಮೂಲವೇ? ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಋಣ ಬರುವುದಿಲ್ಲವಲ್ಲ! ಗಣಿತಜ್ಞರು ಇದಕ್ಕೆಂದೇ ಊಹಾ ಸಂಖ್ಯೆ ಎಂಬ ಹೊಸ ಜಾತಿಯನ್ನು ಇಟ್ಟುಕೊಂಡಿದ್ದಾರೆ. ಮುಂದಿನ ತರಗತಿಗಳಲ್ಲಿ ನೀವು ಅದನ್ನು ಕಲಿಯುತ್ತೀರಿ. ಛೇದದಲ್ಲಿ ಊಹಾ ಸಂಖ್ಯೆ ಕೂತರೆ ಶಕ್ತಿಯೂ ಊಹಾ ಸಂಖ್ಯೆಯಾಗುತ್ತದೆ. ಅದನ್ನು ಯಾವ ಮೀಟರಿನಲ್ಲಿ ಅಳೆಯುವುದು? ಇಲ್ಲಿಗೆ ದಾರಿ ಮುಚ್ಚಿತು ಎಂದೇ ತೋರುತ್ತದೆ.

ಸುದರ್ಶನ್ ಮತ್ತು ಗೆಳೆಯರು ಇಲ್ಲಿ ವ್ಯಾಖ್ಯೆಯನ್ನೇ ಗಟ್ಟಿಯಾಗಿ ಹಿಡಿದರು. ಅಂಶದಲ್ಲಿರುವ ನಿಶ್ಚಲ ದ್ರವ್ಯರಾಶಿಯೂ ಊಹಾ ಸಂಖ್ಯೆಯಾಗಿದ್ದರೆ ಮೇಲಿನದೂ ಕೆಳಗಿನದೂ ಹೊಡೆದುಹೋಗಿ ಶಕ್ತಿ ಮಾಮೂಲಿ ಸಂಖ್ಯೆಯಾಗಿ ಉಳಿಯುತ್ತದೆ. ಹಾಗಂದರೆ ಊಹಾ ದ್ರವ್ಯರಾಶಿಯ ವಸ್ತು ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ನಿಶ್ಚಲ ದ್ರವ್ಯರಾಶಿಯ ವ್ಯಾಖ್ಯೆ ಏನಿತ್ತು, ನೆನಪಿಸಿಕೊಳ್ಳಿ: ಕಣ ನಿಂತಂತೆ ಕಾಣುವಾಗ ಅಳೆದದ್ದು. ಬೆಳಕಿಗಿಂತ ವೇಗದ ಕಣ ನಮ್ಮಂಥ ಯಾವ ನೋಡುಗರಿಗೂ ನಿಂತು ಕಾಣುವುದೇ ಇಲ್ಲ. ಆದ್ದರಿಂದ ಆ ಸಂಖ್ಯೆಯನ್ನು ಅಳೆಯುವ ಸಂದರ್ಭವೇ ಬರುವುದಿಲ್ಲ. ಅಳೆಯಲಾಗುವಂಥವು ಶಕ್ತಿ ಮತ್ತು ಸಂವೇಗ, ಅವೆರಡೂ ಮಾಮೂಲಿ ಸಂಖ್ಯೆಗಳೇ. ಅಳೆಯಲಾಗದ ಒಂದು ಅಕ್ಷರ ಸಮೀಕರಣದಲ್ಲಿ ವಿಚಿತ್ರವಾಗಿದ್ದರೆ ನಿಸರ್ಗಕ್ಕೆ ಅದರಿಂದ ತೊಂದರೆಯಿಲ್ಲ ಎಂದರು ಅವರು.

ಹೀಗೆ ಕಣಗಳು ಮೂರು ಕುಟುಂಬಗಳಾದವು. ಬೆಳಕಿಗಿಂತ ಸದಾ ನಿಧಾನವಾದವು, ಬೆಳಕಿನಷ್ಟೇ ವೇಗದವು, ಬೆಳಕಿಗಿಂತ ಸದಾ ವೇಗವಾದವು. ಮುಂದೆ ಇವುಗಳಿಗೆ ಟಾರ್ಡಿಯಾನ್, ಲಕ್ಸಾನ್, ಟ್ಯಾಕಿಯಾನ್ ಎಂಬ ಹೆಸರುಗಳು ಬಂದವು. ಟ್ಯಾಕಿಯಾನ್ ಎಂಬ ಹೆಸರಿಟ್ಟವರು ಜೆರಾಲ್ಡ್ ಫೈನ್‌ಬರ್ಗ್, 1967ರಲ್ಲಿ. ಅಂದರೆ ವ್ಯಾಖ್ಯೆ ಬಂದು ಐದು ವರ್ಷದ ಮೇಲೆ ಹೆಸರು ಬಂತು. ನಮ್ಮ ಮರ್ಫಿ ಟೌನಿನ ಕಥೆಯೂ ಹೀಗೆಯೇ, ಅದನ್ನು ಹಿಂದೆ ನಾಕ್ಸ್‌ಪೇಟೆ ಎನ್ನುತ್ತಿದ್ದರು. ಬಡಾವಣೆಯ ನಕ್ಷೆ ಹಾಕಿದ ಇಂಜಿನಿಯರ್ ಮರ್ಫಿಯವರ ಹೆಸರು ಆಮೇಲೆ ಬಂದದ್ದು. ಹೆಸರು ಬದಲಾದಾಗ ಊರು ಇದ್ದಲ್ಲಿಯೇ ಇತ್ತು. ವಿಜ್ಞಾನದಲ್ಲೂ ಹೆಸರು ಕೊಡುವುದು ಸುಲಭದ ಕೆಲಸ, ವ್ಯಾಖ್ಯೆ ಬರೆಯುವುದು ಕಷ್ಟದ ಕೆಲಸ.

ಟ್ಯಾಕಿಯಾನಿನ ವ್ಯಾಖ್ಯೆಯಿಂದ ಹೊರಬೀಳುವ ಸಂಗತಿಗಳು ತಲೆ ತಿರುಗಿಸುವಂತಿವೆ. 1.25ರ ಬದಲು 2 ಪಟ್ಟು ವೇಗ ಹಾಕಿ ನೋಡಿ. ಛೇದದ ಗಾತ್ರ 0.75 ಇದ್ದದ್ದು ಸುಮಾರು 1.73 ಆಗುತ್ತದೆ. 10 ಪಟ್ಟು ಹಾಕಿದರೆ ಸುಮಾರು 9.95. ಛೇದ ದೊಡ್ಡದಾದಂತೆ ಶಕ್ತಿ ಕಡಿಮೆಯಾಗುತ್ತದೆ. ಅಂದರೆ ಈ ಕಣ ಶಕ್ತಿ ಕಳೆದುಕೊಂಡಷ್ಟೂ ವೇಗವಾಗಿ ಓಡುತ್ತದೆ, ಶಕ್ತಿ ಕೊಟ್ಟಷ್ಟೂ ನಿಧಾನವಾಗುತ್ತದೆ! ಅದನ್ನು ಬೆಳಕಿನ ವೇಗಕ್ಕೆ ಇಳಿಸಬೇಕಾದರೆ ಅನಂತ ಶಕ್ತಿ ಬೇಕು. ಗೋಡೆ ಎರಡೂ ಕಡೆಯಿಂದ ಗೋಡೆಯೇ.

ಈ ವ್ಯಾಖ್ಯೆಯ ಇನ್ನೊಂದು ಉಪಯೋಗ ಎಂದರೆ ಹುಡುಕುವವರಿಗೆ ಗುರುತು ಸಿಕ್ಕಿತು. ನೀರಿನಲ್ಲಿ ಬೆಳಕನ್ನು ಹಿಂದೆ ಹಾಕಿದ ಎಲೆಕ್ಟ್ರಾನು ನೀಲಿಯಾಗಿ ಹೊಳೆಯುತ್ತದಲ್ಲವೇ? ವಿದ್ಯುದಾವೇಶವಿರುವ ಟ್ಯಾಕಿಯಾನ್ ಇದ್ದರೆ ಅದು ನಿರ್ವಾತದಲ್ಲಿಯೇ ಹಾಗೆ ಹೊಳೆಯಬೇಕು. 1968ರಲ್ಲಿ ಅಲ್ವೇಗರ್ ಮತ್ತು ಕ್ರೈಸ್ಲರ್ ಎಂಬ ವಿಜ್ಞಾನಿಗಳು ಆ ಹೊಳಪನ್ನೇ ಹುಡುಕಿದರು. ಸಿಗಲಿಲ್ಲ. 1974ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕ್ಲೇ ಮತ್ತು ಕ್ರೌಚ್ ಎಂಬವರು ಆಕಾಶದಿಂದ ಸುರಿಯುವ ಕಣಗಳ ಮಳೆಗಿಂತ ಸ್ವಲ್ಪ ಮುಂಚೆ ಬಂದ ಸಂಕೇತಗಳನ್ನು ಕಂಡೆವೆಂದರು. ಬೇರೆಯವರು ಹುಡುಕಿದಾಗ ಅದು ದೃಢವಾಗಲಿಲ್ಲ.

ಸಿಗದ ಕಣಕ್ಕೆ ಇಷ್ಟು ಎಚ್ಚರಿಕೆಯ ವ್ಯಾಖ್ಯೆ ಬರೆದು ಏನು ಬಂತು ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಉತ್ತರ ಇಲ್ಲಿಂದ ದೂರವಿಲ್ಲ. ಮರ್ಫಿ ಟೌನಿನ ಬದಿಯ ಹಳೇ ಮದ್ರಾಸ್ ರಸ್ತೆ ಕೆ.ಆರ್. ಪುರ, ಹೊಸಕೋಟೆ ದಾಟಿ ಕೋಲಾರದ ಕಡೆಗೆ ಹೋಗುತ್ತದೆ. ಕೋಲಾರ ಚಿನ್ನದ ಗಣಿಯ, ನಮ್ಮ ಬಾಯಿಮಾತಿನ ಕೆಜಿಎಫ್‌ನ, ಆಳದಲ್ಲಿ ನಡೆದ ಕಥೆ ಇದು.

1930ರ ಡಿಸೆಂಬರಿನಲ್ಲಿ ವೋಲ್ಫ್‌ಗ್ಯಾಂಗ್ ಪೌಲಿ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಗಳಿಗೆ ಒಂದು ಪತ್ರ ಬರೆದರು. ಕೆಲವು ಪರಮಾಣುಗಳು ಒಡೆಯುವಾಗ ಶಕ್ತಿಯ ಲೆಕ್ಕ ಕೂಡಿಬರುತ್ತಿರಲಿಲ್ಲ, ಸ್ವಲ್ಪ ಎಲ್ಲೋ ಕಾಣೆಯಾಗುತ್ತಿತ್ತು. ಯಾರಿಗೂ ಕಾಣದ ಕಣವೊಂದು ಅದನ್ನು ಹೊತ್ತೊಯ್ಯುತ್ತಿರಬೇಕು ಎಂದು ಪೌಲಿ ಊಹಿಸಿದರು. ಊಹಿಸಿ ಸುಮ್ಮನಾಗದೆ ಆ ಕಣದ ಗುಣಗಳನ್ನೂ ಬರೆದರು: ವಿದ್ಯುದಾವೇಶವಿಲ್ಲ, ದ್ರವ್ಯರಾಶಿ ತೀರಾ ಅಲ್ಪ, ವಸ್ತುಗಳ ಮೂಲಕ ಸುಲಭವಾಗಿ ತೂರಿಹೋಗುತ್ತದೆ. ಪೌಲಿ ಇಟ್ಟ ಹೆಸರು ನ್ಯೂಟ್ರಾನ್. 1932ರಲ್ಲಿ ಚಾಡ್‌ವಿಕ್ ಕಂಡುಹಿಡಿದ ಬೇರೊಂದು ಭಾರವಾದ ಕಣಕ್ಕೆ ಆ ಹೆಸರು ಹೋಯಿತು, ಪೌಲಿಯ ಕಣಕ್ಕೆ ನ್ಯೂಟ್ರಿನೋ ಎಂಬ ಹೆಸರು ಬಂತು. ಹೆಸರು ಕೈತಪ್ಪಿದರೂ ವ್ಯಾಖ್ಯೆ ಕೈತಪ್ಪಲಿಲ್ಲ. ಆ ಗುರುತುಗಳನ್ನೇ ಹಿಡಿದು 1956ರಲ್ಲಿ ಕೋವನ್ ಮತ್ತು ರೈನ್ಸ್ ಅಮೆರಿಕದ ರಿಯಾಕ್ಟರ್ ಒಂದರ ಪಕ್ಕದಲ್ಲಿ ನ್ಯೂಟ್ರಿನೋವನ್ನು ಹಿಡಿದರು. ಕಣದ ಗುಣ ಬರೆದು 26 ವರ್ಷವಾಗಿತ್ತು!

ಬಾಹ್ಯಾಕಾಶದಿಂದ ಬರುವ ಕಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗಲೂ ನ್ಯೂಟ್ರಿನೋಗಳು ಹುಟ್ಟುತ್ತವೆ. ಅವನ್ನು ನೋಡಬೇಕಾದರೆ ಬೇರೆ ಕಣಗಳೆಲ್ಲ ತಲುಪಲಾಗದ ಜಾಗ ಬೇಕು. ಸುಮಾರು 2.3 ಕಿಲೋಮೀಟರ್ ಬಂಡೆಯಡಿಯಲ್ಲಿ, ಕೆಜಿಎಫ್‌ನ ಗಣಿಯೊಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಉಪಕರಣ ಇಟ್ಟರು. ಅವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರೂ ಇದ್ದರು. 1965ರಲ್ಲಿ ಆ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡಕ್ಕೂ ಸಿಕ್ಕಿತು. ಗಣಿಯ ಕತ್ತಲಲ್ಲಿ ಕೂತವರಿಗೆ ತಾವು ಯಾವುದಕ್ಕೆ ಕಾಯುತ್ತಿದ್ದೇವೆ ಎಂಬುದು ನಿಖರವಾಗಿ ಗೊತ್ತಿತ್ತು, ಪೌಲಿ ಅದನ್ನು ಬರೆದಿಟ್ಟಿದ್ದರಲ್ಲ.

ಈ ನ್ಯೂಟ್ರಿನೋಗಳೇ ಒಮ್ಮೆ ಟ್ಯಾಕಿಯಾನ್ ಕಥೆಯೊಳಗೂ ಬಂದವು. 2011ರ ಸೆಪ್ಟೆಂಬರಿನಲ್ಲಿ ‘ಒಪೆರಾ’ ಎಂಬ ಪ್ರಯೋಗದ ವಿಜ್ಞಾನಿಗಳು ಒಂದು ಸುದ್ದಿ ಹೊರಗೆಡವಿದರು. ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ಬೆಳಕು ತಲುಪಬೇಕಾದ ಹೊತ್ತಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂದಿವೆ ಎಂದರು. ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ನ್ಯಾನೋಸೆಕೆಂಡ್. 60 ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವ ದೂರ 18 ಮೀಟರ್. ಅಷ್ಟು ಮುಂದೆ! ಅಕ್ಟೋಬರ್ 20ರಂದು ನಮ್ಮ ಹಲಸೂರು, ಇಂದಿರಾನಗರದ ಮೇಲೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೋ ಓಡಿದಾಗಲೂ ಜಗತ್ತಿನ ಭೌತವಿಜ್ಞಾನಿಗಳೆಲ್ಲ ಈ 60 ನ್ಯಾನೋಸೆಕೆಂಡಿನ ಮಾತನ್ನೇ ಆಡುತ್ತಿದ್ದರು.

ಸುದ್ದಿ ಕೊಟ್ಟವರು ಐನ್‌ಸ್ಟೈನ್ ಸೋತರೆಂದು ಸಂಭ್ರಮಿಸಲಿಲ್ಲ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಹುಡುಕಿಕೊಡಿ ಎಂದು ಎಲ್ಲರನ್ನೂ ಕೇಳಿದರು. ಆಗ ‘ಮೊದಲೇ ಬಂದಿವೆ’ ಎಂಬ ಮಾತನ್ನು ಬಿಡಿಸಿ ನೋಡಬೇಕಾಯಿತು. ಮೊದಲೇ ಎಂದರೆ ಯಾವ ಗಡಿಯಾರದ ಪ್ರಕಾರ? ಎರಡು ಊರಿನ ಗಡಿಯಾರಗಳು ಸರಿಹೊಂದಿವೆ ಎನ್ನುವುದಕ್ಕೆ ಏನು ಗುರುತು? ಅದನ್ನೇ ಕೆದಕುತ್ತಾ ಹೋದಾಗ, ಸಮಯದ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ತುದಿ ಪೂರ್ತಿ ಬಿಗಿಯಾಗಿರಲಿಲ್ಲ ಎಂಬುದು 2012ರಲ್ಲಿ ಗೊತ್ತಾಯಿತು. ಕೇಬಲ್ ಬಿಗಿ ಮಾಡಿ ಅಳೆದಾಗ ನ್ಯೂಟ್ರಿನೋಗಳು ಬೆಳಕನ್ನು ಮೀರಲಿಲ್ಲ. ಪಕ್ಕದಲ್ಲೇ ಇದ್ದ ಇನ್ನೊಂದು ಪ್ರಯೋಗದವರ ಅಳತೆಯೂ ಅದನ್ನೇ ಹೇಳಿತು.

ಟ್ಯಾಕಿಯಾನ್ ಸಿದ್ಧಾಂತಕ್ಕೆ ಇರುವ ದೊಡ್ಡ ಅಡ್ಡಿ ಬೇರೊಂದು ಪದದಲ್ಲಿದೆ: ‘ಕಾರಣ’. ಚೆಂಡು ಎಸೆದ ಮೇಲೆಯೇ ಕಿಟಕಿ ಒಡೆಯಬೇಕು. ಬೆಳಕಿಗಿಂತ ವೇಗವಾಗಿ ಸಂಕೇತ ಹೋಗುವುದಾದರೆ, ಬೇರೆ ಬೇರೆ ವೇಗದಲ್ಲಿ ಸಾಗುವ ಕೆಲವು ನೋಡುಗರಿಗೆ ಅದು ಹೊರಡುವುದಕ್ಕಿಂತ ಮೊದಲೇ ತಲುಪಿದಂತೆ ಕಾಣುತ್ತದೆ. ಅಂಥ ನೋಡುಗರಿಗೆ ಕಣದ ಶಕ್ತಿಯೂ ಸೊನ್ನೆಗಿಂತ ಕಡಿಮೆ ಎಂದು ಕಾಣುತ್ತದೆ. ಸುದರ್ಶನ್ ತಂಡ ಇಲ್ಲೂ ವ್ಯಾಖ್ಯೆಯನ್ನೇ ತಿದ್ದಿತು: ಋಣಶಕ್ತಿಯ ಕಣ ಕಾಲದಲ್ಲಿ ಹಿಂದಕ್ಕೆ ಹೋಯಿತು ಎನ್ನುವ ಬದಲು, ಧನಶಕ್ತಿಯ ಕಣ ಆ ಕಡೆಯಿಂದ ಈ ಕಡೆಗೆ ಬಂತು ಎಂದು ಓದಿಕೊಳ್ಳೋಣ, ಕಳಿಸಿದವರು ಯಾರು ಪಡೆದವರು ಯಾರು ಎಂಬುದು ನೋಡುಗನಿಂದ ನೋಡುಗನಿಗೆ ಬದಲಾಗಲಿ ಎಂದರು. ಬಹಳ ಮಂದಿ ಭೌತವಿಜ್ಞಾನಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಪತ್ರ ಬರೆದವನು ಯಾರು ಎಂಬುದಕ್ಕೂ ಖಚಿತ ಉತ್ತರ ಇಲ್ಲದಿದ್ದರೆ ಹೇಗೆ? ನಾನೂ ಅವರ ಪಕ್ಷ. ದ್ರವ್ಯರಾಶಿಯ ವ್ಯಾಖ್ಯೆಯಲ್ಲಿ ಸುದರ್ಶನ್ ಅವರ ವಾದ ಗೆದ್ದಷ್ಟು ನಿಚ್ಚಳವಾಗಿ ಇಲ್ಲಿ ಗೆಲ್ಲಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ವ್ಯಾಖ್ಯೆಗಳು ಅಷ್ಟು ಸ್ಪಷ್ಟವಾಗಿ ಇದ್ದದ್ದರಿಂದಲೇ ತೊಡಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಎದುರಾಳಿಗಳಿಗೆ ಸಾಧ್ಯವಾಯಿತು. ಸುದರ್ಶನ್ 2018ರಲ್ಲಿ ತೀರಿಕೊಂಡರು. ಟ್ಯಾಕಿಯಾನ್ ಇಂದಿಗೂ ಯಾರ ಉಪಕರಣಕ್ಕೂ ಸಿಕ್ಕಿಲ್ಲ.

ಆ ಪದ ಮಾತ್ರ ಸುಮ್ಮನೆ ಕೂತಿಲ್ಲ. ಸಮೀಕರಣದಲ್ಲಿ ದ್ರವ್ಯರಾಶಿಯ ವರ್ಗ ಋಣವಾಗಿ ಬಂದರೆ ಇಂದಿನ ಭೌತವಿಜ್ಞಾನಿಗಳು ಈಗಲೂ ಟ್ಯಾಕಿಯಾನ್ ಎಂದೇ ಕರೆಯುತ್ತಾರೆ, ಆದರೆ ಅದನ್ನು ಓದುವ ಬಗೆ ಬದಲಾಗಿದೆ. ಬೆಳಕನ್ನು ಮೀರುವ ಕಣ ಇದೆ ಎಂದು ಅವರು ಓದುವುದಿಲ್ಲ. ಇಡೀ ಜಾಗದಲ್ಲಿ ಹರಡಿರುವ ಕ್ಷೇತ್ರವೊಂದು ಸೊನ್ನೆಯಲ್ಲಿ ನೆಲೆ ನಿಲ್ಲಲಾರದು, ಬೇರೊಂದು ಬೆಲೆಗೆ ಜಾರಿ ಅಲ್ಲಿ ನೆಲೆಗೊಳ್ಳುತ್ತದೆ ಎಂದು ಓದುತ್ತಾರೆ. ಎಲೆಕ್ಟ್ರಾನಿನಂಥ ಕಣಗಳಿಗೆ ದ್ರವ್ಯರಾಶಿ ಬರುವುದು ಹೀಗೆ ನೆಲೆಗೊಂಡ ಹಿಗ್ಸ್ ಕ್ಷೇತ್ರದಿಂದ. ಆ ಕ್ಷೇತ್ರದ ಸಮೀಕರಣವನ್ನು ಬರೆಯುವಾಗ ಮೊದಲ ಸಾಲಿನಲ್ಲಿಯೇ ಋಣ ಚಿಹ್ನೆಯ ದ್ರವ್ಯರಾಶಿ ವರ್ಗ ಕೂತಿರುತ್ತದೆ. ಅದಕ್ಕೆ ಸಂಬಂಧಿಸಿದ ಹಿಗ್ಸ್ ಕಣ ಸಿಕ್ಕಿದೆ ಎಂದು ಸರ್ನ್ ಸಾರಿದ್ದು 2012ರ ಜುಲೈ 4ರಂದು. ಆ ಕಣದ ದ್ರವ್ಯರಾಶಿ ಊಹಾ ಸಂಖ್ಯೆಯಲ್ಲ, ಪ್ರೋಟಾನಿನ ಸುಮಾರು 133 ಪಟ್ಟು. ಅದರ ವೇಗವೂ ಬೆಳಕಿಗಿಂತ ಕಡಿಮೆಯೇ.